ಹಳೆಯ ಕ್ಯಾರವಾನ್ ಟ್ರೇಲರ್‌ಗಳ ಒಳಾಂಗಣ ಕೆಲಸದ ಹೊಸ ಪದ್ಧತಿ: ನಮ್ಮ ಗ್ರಾಹಕರಿಗೆ ಪತ್ರ

ಹುಬ್ಬಳ್ಳಿ

ಮಾನ್ಯ ಗ್ರಾಹಕ ಬಂಧುಗಳಿಗೆ ಸಪ್ರೇಮ ವಂದನೆಗಳು.

ಬರುವ ಯುಗಾದಿಯಿಂದ ನಮ್ಮ ಬಡಿಗರ ಸಹಕಾರ ಸಂಘವು ಹಳೆಯ ಕ್ಯಾರವಾನ್ ಟ್ರೇಲರ್‌ಗಳ (ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ವಾಸಿಸಬಹುದಾದ ಗಾಡಿಗಳ) ಒಳಾಂಗಣ ಕೆಲಸವನ್ನು ಮೇಲ್ನೋಟಕ್ಕೆ ಹೇಳುವ ಒಂದೇ ಅಂದಾಜಿನ ಮೇಲೆ ಒಪ್ಪಿಕೊಳ್ಳುವುದಿಲ್ಲ. ಗಾಡಿ ಅಂಗಳಕ್ಕೆ ಬಂದ ಮೇಲೆ ಮೊದಲು ನೀರು ಬಿಟ್ಟು ಸೋರಿಕೆ ನೋಡುತ್ತೇವೆ, ಸಂಶಯ ಬಂದ ಕಡೆ ಒಳಹಲಗೆ ಬಿಚ್ಚಿ ಚೌಕಟ್ಟನ್ನು ಪರೀಕ್ಷಿಸುತ್ತೇವೆ, ಆ ಬಳಿಕವೇ ಪೂರ್ಣ ಅಂದಾಜು ಪಟ್ಟಿಯನ್ನು ಬರೆದು ಕೊಡುತ್ತೇವೆ. ಈ ಮೊದಲ ಹಂತಕ್ಕೆ ಬೇರೆ ಶುಲ್ಕ ಇರುತ್ತದೆ; ಕೆಲಸ ಮುಂದುವರಿಸಲು ನೀವು ಒಪ್ಪಿದರೆ ಆ ಹಣವನ್ನು ಕೊನೆಯ ಬಿಲ್ಲಿನಲ್ಲಿ ಪೂರ್ತಿಯಾಗಿ ವಜಾ ಮಾಡುತ್ತೇವೆ. ಇದರ ಜೊತೆಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಲಿಶ್ ಕೆಲಸವನ್ನು ಕೈಗೆತ್ತಿಕೊಳ್ಳುವುದಿಲ್ಲ.

ಬೇಸಿಗೆ ರಜೆಯೊಳಗೆ ಗಾಡಿ ಸಿದ್ಧವಾಗಲೇಬೇಕೆಂದು ಲೆಕ್ಕ ಹಾಕಿಕೊಂಡಿದ್ದ ಕೆಲವರಿಗೆ, ವಿಶೇಷವಾಗಿ ದಾಂಡೇಲಿ ಮತ್ತು ಯಲ್ಲಾಪುರದ ಕಡೆ ಹೋಮ್‌ಸ್ಟೇ ನಡೆಸುತ್ತಿರುವ ನಮ್ಮ ಹಳೆಯ ಗ್ರಾಹಕರಿಗೆ, ಇದರಿಂದ ತೊಂದರೆಯಾಗುತ್ತದೆ ಎಂಬುದು ನಮಗೆ ಗೊತ್ತಿದೆ. ಆ ತೊಂದರೆಗಾಗಿ ಮನಃಪೂರ್ವಕವಾಗಿ ಕ್ಷಮೆ ಕೋರುತ್ತೇವೆ. ಆದರೆ ಪದ್ಧತಿಯನ್ನು ಯಾಕೆ ಬದಲಿಸಿದೆವು ಎಂಬುದನ್ನು ಬಿಡಿಸಿ ಹೇಳದಿದ್ದರೆ ಅದು ನಿಮಗೂ ನಮ್ಮ ಕೆಲಸಗಾರರಿಗೂ ಅನ್ಯಾಯವಾದೀತು. ಆದ್ದರಿಂದ ಪತ್ರ ಸ್ವಲ್ಪ ಉದ್ದವಾಗಿದೆ, ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುತ್ತಿರುವ ದೂರು ಒಂದೇ: "ಒಳಗಿನ ಕೆಲಸಕ್ಕೆಂದು ಗಾಡಿ ಕೊಟ್ಟರೆ ಇವರು ಮೇಲ್ಛಾವಣಿ ಬಿಚ್ಚಿ ಬಿಲ್ಲು ಬೆಳೆಸುತ್ತಾರೆ." ಇದನ್ನು ಕೆಲವರು ನೇರವಾಗಿ ಹೇಳಿದ್ದಾರೆ, ಕೆಲವರು ಬೇರೆಯವರ ಮುಂದೆ ಹೇಳಿ ನಮಗೆ ತಲುಪಿಸಿದ್ದಾರೆ. ಕುಶನ್ ಬದಲಿಸಿ, ಕಪಾಟಿನ ಬಾಗಿಲು ಸರಿಮಾಡಿ, ಗೋಡೆಗೆ ಹೊಸ ಪ್ಲೈವುಡ್ ಹೊಡೆದು ಮೆರುಗು ಕೊಡುವುದಕ್ಕೆ ಛಾವಣಿಯ ಗೊಡವೆ ಏಕೆ ಎಂಬ ಪ್ರಶ್ನೆ ಸಹಜವಾದದ್ದೇ. ಮನೆಯ ಕೋಣೆಯಾಗಿದ್ದರೆ ನಾವೂ ಛಾವಣಿಯನ್ನು ಮುಟ್ಟುತ್ತಿರಲಿಲ್ಲ.

ಈ ಗಾಡಿಗಳನ್ನು ಕಟ್ಟಿದ ಕ್ರಮವೇ ಬೇರೆ. 1950 ಮತ್ತು 60ರ ದಶಕಗಳ ಅಮೆರಿಕದ ಸಣ್ಣ ಟ್ರೇಲರ್‌ಗಳಲ್ಲಿ ಬಹುಪಾಲು ಗಾಡಿಗಳನ್ನು ಒಳಗಿನಿಂದ ಹೊರಕ್ಕೆ ಕಟ್ಟಿದ್ದಾರೆ. ಮೊದಲು ನೆಲ, ಅದರ ಮೇಲೆ 3 ಮಿಲಿಮೀಟರ್ ಬರ್ಚ್ ಪ್ಲೈವುಡ್ಡಿನ ಒಳಗೋಡೆ ಮತ್ತು ಕಪಾಟು, ಅದರ ಬೆನ್ನಿಗೆ ಸಣ್ಣ ಕಟ್ಟಿಗೆಯ ಚೌಕಟ್ಟು, ಚೌಕಟ್ಟಿನ ನಡುವೆ ಶಾಖ ತಡೆಯಲು ತೆಳುವಾದ ಗಾಜಿನ ಉಣ್ಣೆ, ಎಲ್ಲಕ್ಕೂ ಕೊನೆಯಲ್ಲಿ ಹೊರಗಿನ ಅಲ್ಯೂಮಿನಿಯಂ ಹೊದಿಕೆ. ಆದ್ದರಿಂದ ಒಳಗೋಡೆಯನ್ನು ಕ್ರಮಬದ್ಧವಾಗಿ ಬದಲಿಸಬೇಕೆಂದರೆ ಹೊರಗಿನ ತಗಡನ್ನು ಸಡಿಲಿಸದೆ ದಾರಿಯಿಲ್ಲ. ಏರ್‌ಸ್ಟ್ರೀಮ್ ಎಂಬ ಅಮೆರಿಕದ ಕಂಪನಿಯ ತರಹದ ಗಾಡಿಗಳಲ್ಲಿ ರಿವೆಟ್ ಹೊಡೆದ ಅಲ್ಯೂಮಿನಿಯಂ ಕವಚವೇ ಭಾರ ಹೊರುತ್ತದೆ, ಗೋಡೆಯೊಳಗೆ ಕಟ್ಟಿಗೆಯ ಚೌಕಟ್ಟು ಇರುವುದಿಲ್ಲ; ಅಲ್ಲಿ ಸೋರಿದ ನೀರು ಗೋಡೆಯೊಳಗೇ ಇಳಿದು ನೆಲದ ಪ್ಲೈವುಡ್ಡಿನ ಅಂಚನ್ನು ಕೊಳೆಸುತ್ತದೆ, ಕೆಳಗಿನ ಕಬ್ಬಿಣದ ಚಾಸಿಯನ್ನು ತಿನ್ನುತ್ತದೆ. ಎರಡೂ ಬಗೆಯ ಗಾಡಿಗಳಲ್ಲಿ ಕಾಯಿಲೆ ಹುಟ್ಟುವುದು ಮೇಲೆ, ಕಾಣಿಸಿಕೊಳ್ಳುವುದು ಕೆಳಗೆ.

ಕಳೆದ ಮಳೆಗಾಲ ಮುಗಿದ ಮೇಲೆ ಗೋವಾ ಕಡೆಯಿಂದ ಬಂದ ಒಂದು ಗಾಡಿಯ ವಿಷಯವನ್ನು ಒಡೆಯರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಅವರು ಕೇಳಿದ್ದು ಹೊಸ ಹಾಸಿಗೆ, ಪರದೆ ಮತ್ತು ಗೋಡೆಗೆ ಪಾಲಿಶ್ ಮಾತ್ರ. ಹಿಂಬದಿಯ ಕಿಟಕಿಯ ಕೆಳಗೆ ಅಂಗೈಯಗಲದ ಕಂದು ಕಲೆಯೊಂದು ಬಿಟ್ಟರೆ ಗೋಡೆಯಲ್ಲಿ ಬೇರೆ ದೋಷ ಕಾಣುತ್ತಿರಲಿಲ್ಲ. ಆ ಹಲಗೆಯನ್ನು ಸಡಿಲಿಸಿದಾಗ ತುಕ್ಕು ಹಿಡಿದ ಸ್ಟೇಪಲ್ ಪಿನ್ನುಗಳು ತಾವಾಗಿಯೇ ಮುರಿದವು, ಪ್ಲೈವುಡ್ಡಿನ ಮೂರೂ ಪದರಗಳು ನೆನೆದ ಪುಸ್ತಕದ ಹಾಳೆಗಳಂತೆ ಬೇರೆಯಾದವು. ಹಿಂದಿದ್ದ ಗಾಜಿನ ಉಣ್ಣೆ ಕಪ್ಪಾಗಿ, ನೀರು ಕುಡಿದು ಭಾರವಾಗಿ ಕೆಳಗೆ ಕುಸಿದಿತ್ತು. ಚೌಕಟ್ಟಿನ ಕೆಳಪಟ್ಟಿಗೆ ದಬ್ಬಣ ಇಟ್ಟು ಹೆಬ್ಬೆರಳಿನಿಂದ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಅದೇ ಪಟ್ಟಿಗೆ ಹಾಸಿಗೆಯ ಪೆಟ್ಟಿಗೆಯನ್ನು ಬಿಗಿದಿದ್ದ ಸ್ಕ್ರೂಗಳು ನಿಂತಲ್ಲೇ ತಿರುಗುತ್ತಿದ್ದವು. ನೀರು ಒಳಬಂದದ್ದು ಕಿಟಕಿಯಿಂದಲ್ಲ. ಅದರ ಮೇಲೆ, ಛಾವಣಿಯ ಅಂಚಿನಲ್ಲಿದ್ದ ಒಂದು ಸಣ್ಣ ದೀಪದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಅಲ್ಲಿಂದ. ಆ ಗೋಡೆಯ ಮೇಲೆ ಅವರು ಕೇಳಿದಂತೆ ಪಾಲಿಶ್ ಎಳೆದು ಕೊಟ್ಟಿದ್ದರೆ ಗಾಡಿ ಚೆಂದವಾಗಿಯೇ ಕಾಣುತ್ತಿತ್ತು, ಹಣವೂ ಕಡಿಮೆ ಆಗುತ್ತಿತ್ತು. ಮುಂದಿನ ಮಳೆಗೆ ಆ ಹಾಸಿಗೆಯ ಮೇಲೆ ಮಲಗಿದವರು ಕೆಳಗೆ ಬೀಳುತ್ತಿದ್ದರು.

ಒದ್ದೆ ಚೌಕಟ್ಟಿನ ಮೇಲೆ ಹೊಸ ಹಲಗೆ ಹೊಡೆದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಕಟ್ಟಿಗೆಯ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲವೆಂಬುದು ಕಸುಬುದಾರರೆಲ್ಲ ಒಪ್ಪಿದ ಮಾತು. ಆದರೆ ಎರಡು ಕಡೆಯೂ ಮುಚ್ಚಿದ ಗೋಡೆಯೊಳಗೆ ಒಮ್ಮೆ ಹೊಕ್ಕ ನೀರಿಗೆ ಹೊರಹೋಗಲು ದಾರಿಯಿರುವುದಿಲ್ಲ. ಹೀಗಾಗಿ ನಾವು ತೇವಮಾಪಕ ಇಟ್ಟು ನೋಡಿ, ಶೇ. 15ಕ್ಕೆ ಇಳಿಯುವವರೆಗೆ ಗಾಡಿಯನ್ನು ಬಿಚ್ಚಿದ ಸ್ಥಿತಿಯಲ್ಲೇ ನೆರಳಿನಲ್ಲಿ ಒಣಗಿಸುತ್ತೇವೆ. "ಗಾಡಿ ಸುಮ್ಮನೆ ನಿಂತಿದೆ, ಯಾರೂ ಕೈ ಹಚ್ಚುತ್ತಿಲ್ಲ" ಎಂದು ನೋಡಿ ಹೋದವರು ಬೇಸರಪಟ್ಟುಕೊಂಡ ದಿನಗಳಲ್ಲಿ ಹಲವು ಈ ಒಣಗುವ ದಿನಗಳು. ಅಷ್ಟು ದಿನ ಅಂಗಳದ ಜಾಗವನ್ನು ಆ ಗಾಡಿ ಹಿಡಿದಿರುತ್ತದೆ, ಅದರ ಬಾಡಿಗೆಯನ್ನು ನಾವು ಯಾರಿಂದಲೂ ಕೇಳಿಲ್ಲ, ಮುಂದೆಯೂ ಕೇಳುವುದಿಲ್ಲ.

ನೀರಿನ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಪೈಪು ಹಿಡಿದು ಛಾವಣಿಯ ಮೇಲೆ ನೀರು ಸುರಿದರೆ ಎಲ್ಲ ಕಡೆಯಿಂದಲೂ ಸೋರುತ್ತದೆ, ಎಲ್ಲಿಂದ ಎಂಬುದು ತಿಳಿಯುವುದಿಲ್ಲ. ಅದಕ್ಕೇ ಕೆಳಗಿನ ಸಂದಿನಿಂದ ಆರಂಭಿಸಿ, ಕಡಿಮೆ ಒತ್ತಡದಲ್ಲಿ, ಒಂದೊಂದೇ ಸಂದಿಗೆ ನೀರು ಬಿಡುತ್ತ ಮೇಲಕ್ಕೆ ಹೋಗುತ್ತೇವೆ. ಒಳಗೆ ಒಬ್ಬರು ಬ್ಯಾಟರಿ ಹಿಡಿದು ಕುಳಿತಿರುತ್ತಾರೆ. ಇದು ಇಬ್ಬರ ಕೆಲಸ, ಅವಸರದಲ್ಲಿ ಆಗುವಂಥದ್ದಲ್ಲ. ಛಾವಣಿಯ ಮೇಲೆ ಮೊದಲೇ ಯಾರಾದರೂ ಡಾಂಬರು ಅಥವಾ ಸಿಲಿಕೋನ್ ಬಳಿದಿದ್ದರೆ ಅದನ್ನು ಪೂರ್ತಿ ಕೆರೆದು ತೆಗೆಯಬೇಕು, ಏಕೆಂದರೆ ಸಿಲಿಕೋನ್ ಉಳಿದ ಜಾಗಕ್ಕೆ ಸಂದು ಮುಚ್ಚುವ ಬ್ಯುಟೈಲ್ ಪಟ್ಟಿಯಾಗಲಿ ಬಣ್ಣವಾಗಲಿ ಕಚ್ಚಿಕೊಳ್ಳುವುದಿಲ್ಲ. ದಯವಿಟ್ಟು ಗಾಡಿ ಕಳುಹಿಸುವ ಮುನ್ನ "ತಾತ್ಪೂರ್ತಿಕ" ಎಂದು ಏನನ್ನೂ ಬಳಿಸಬೇಡಿ. ಆ ಕೆರೆಯುವ ಕೂಲಿಯೇ ನಿಮ್ಮ ಬಿಲ್ಲಿನಲ್ಲಿ ಕಾಣುತ್ತದೆ, ಬೈಗುಳ ಮಾತ್ರ ನಮಗೆ ಬರುತ್ತದೆ.

ಇನ್ನು ಪ್ಲೈವುಡ್ಡಿನ ಖರ್ಚು. ಅಂಗಡಿಯಲ್ಲಿ ಅಗ್ಗದ ಪ್ಲೈವುಡ್ ಸಿಗುತ್ತದೆ, ಮನೆಯೊಳಗಿನ ಒಣ ಗೋಡೆಗೆ ಅದು ಸಾಕು ಕೂಡ. ನಾವು ಗಾಡಿಗೆ ಬಳಸುವುದು ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ ಮರೈನ್ (ನೀರು ತಡೆಯುವ) ಪ್ಲೈವುಡ್. ಅದರ ಅಂಟು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟರೂ ಬಿಡಬಾರದೆಂಬುದು ಆ ಮಾನಕದ ಕರಾರು. ಅದರ ಬೆಲೆಯನ್ನು ನಾವು ಗೊತ್ತುಮಾಡುವುದಿಲ್ಲ, ಮೇಲೆ ಬೀಳುವ ಶೇ. 18ರ ಜಿಎಸ್‌ಟಿಯೂ ನಮ್ಮ ಗಲ್ಲೆಯಲ್ಲಿ ಉಳಿಯುವುದಿಲ್ಲ. ಮೂಲ ಗಾಡಿಯಲ್ಲಿದ್ದಂಥ ಬರ್ಚ್ ಪ್ಲೈವುಡ್ಡೇ ಬೇಕೆಂದರೆ ಅದು ಹೊರದೇಶದಿಂದ ಬರಬೇಕು, ಏಕೆಂದರೆ ಆ ಮರ ಚಳಿ ದೇಶದ್ದು. ಬೇಕೆಂದವರಿಗೆ ತರಿಸಿ ಕೊಡುತ್ತೇವೆ, ಆದರೆ ಕಾಯಬೇಕಾಗುತ್ತದೆ. ಹೊಸ ಚೌಕಟ್ಟಿನ ಕಟ್ಟಿಗೆಗೆ ಬೋರಾಕ್ಸ್ ಮತ್ತು ಬೋರಿಕ್ ಆ್ಯಸಿಡ್ ದ್ರಾವಣ ಉಣಿಸುತ್ತೇವೆ. ಪೇಟೆಯಲ್ಲಿ ಸಿಗುವ ತಾಮ್ರದ ಅಂಶವಿರುವ ಔಷಧಿ ಹುಳಕ್ಕೆ ಒಳ್ಳೆಯದಾದರೂ ಅಲ್ಯೂಮಿನಿಯಂ ತಗಡನ್ನು ತಿನ್ನುತ್ತದೆ.

ಕೂಲಿಯ ವಿಷಯದಲ್ಲಿ ನಮ್ಮ ಮೇಲೆ ಹೊರಿಸುವ ಆರೋಪ ನಮಗೆ ಹೆಚ್ಚು ನೋವು ಕೊಟ್ಟಿದೆ. ಹುಬ್ಬಳ್ಳಿ-ಧಾರವಾಡದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆಯ ಕಪಾಟು ಕೂಡಿಸಲು ಹೋದರೆ ನಮ್ಮ ಬಡಿಗರಿಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ, ಅದೂ ಬೇಗ. ಅಲ್ಲಿ ಎಲ್ಲವೂ ನೇರ, ಎಲ್ಲವೂ ಯಂತ್ರದಲ್ಲಿ ಕತ್ತರಿಸಿ ಬಂದದ್ದು. ಇಲ್ಲಿ ಗಾಡಿಯ ಮೂಲೆಯೆಲ್ಲ ದುಂಡಗಿದೆ. ಹಳೆಯ ಹಲಗೆಯನ್ನು ಮುರಿಯದಂತೆ ಪಿನ್ನುಗಳನ್ನು ಒಂದೊಂದಾಗಿ ಕೀಳಬೇಕು, ಅದನ್ನೇ ಫರ್ಮಾ (ಅಳತೆಯ ಮಾದರಿ) ಮಾಡಿಕೊಂಡು ಹೊಸ ಹಲಗೆಗೆ ಗುರುತು ಹಾಕಬೇಕು, ಛಾವಣಿಯ ಬಾಗಿಗೆ ತೆಳು ಪ್ಲೈವುಡ್ಡನ್ನು ಒದ್ದೆ ಬಟ್ಟೆ ಹಾಕಿ ನಿಧಾನವಾಗಿ ಬಗ್ಗಿಸಬೇಕು. ನಮ್ಮಲ್ಲಿ ಹಿರಿಯರು ಹಲವರು ಇಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಒಳಗೆ ಕೈ ಪಳಗಿಸಿಕೊಂಡವರು. ಅಲುಗಾಡುವ ಗಾಡಿಯೊಳಗೆ ಕಟ್ಟಿಗೆಯ ಜೋಡಣೆ ಹೇಗಿರಬೇಕೆಂಬ ತಿಳಿವಳಿಕೆ ಅವರ ಕೈಯಲ್ಲಿದೆ. ಅವರಿಗೆ ದಿನಗೂಲಿ ಕೊಡುತ್ತೇವೆಯೇ ಹೊರತು ಗುತ್ತಿಗೆಯ ಲೆಕ್ಕದಲ್ಲಿ ಓಡಿಸುವುದಿಲ್ಲ. ಈ ವಿಷಯದಲ್ಲಿ ಚೌಕಾಸಿಗೆ ಅವಕಾಶವಿಲ್ಲ.

ಗ್ರಾನೈಟ್ ಕಟ್ಟೆ ಮತ್ತು 18 ಮಿಲಿಮೀಟರ್ ಪ್ಲೈವುಡ್ಡಿನ ಕಪಾಟು ಕೇಳುವವರಿಗೂ ಇನ್ನು ಮುಂದೆ ಇಲ್ಲವೆನ್ನಬೇಕಾಗಿದೆ. ಎಂಟು ಅಡಿಗೆ ನಾಲ್ಕು ಅಡಿಯ ಅಂಥ ಒಂದು ಹಲಗೆ 30 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ, ಗ್ರಾನೈಟ್ ಚದರ ಅಡಿಗೆ ನಾಲ್ಕೂವರೆ ಕೆ.ಜಿ. ಸಮೀಪ ಬರುತ್ತದೆ. ಮೂಲ ತಯಾರಕರು ತೆಳು ಪ್ಲೈವುಡ್ಡನ್ನು ಸಣ್ಣ ಪಟ್ಟಿಗಳ ಮೇಲೆ ಹೊದಿಸಿ ಕಪಾಟು ಮಾಡಿದ್ದು ಜಿಪುಣತನದಿಂದಲ್ಲ. ಗಾಡಿಯ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಎಳೆಯುವ ಕೊಂಡಿಯ ಮೇಲೆ ಇರಬೇಕು. ಭಾರದ ಅಡುಗೆ ಕಟ್ಟೆಯನ್ನು ಹಿಂಬದಿಗೆ ಸರಿಸಿದರೆ ಮೂತಿ ಹಗುರಾಗಿ, ವೇಗ ಹೆಚ್ಚಿದಂತೆ ಗಾಡಿ ಬಾಲ ಬೀಸತೊಡಗುತ್ತದೆ. ಯಲ್ಲಾಪುರ-ಅಂಕೋಲಾ ನಡುವಿನ ಅರಬೈಲ್ ಘಟ್ಟ ಇಳಿಯುವಾಗ ಹಾಗಾದರೆ ಏನಾಗುತ್ತದೆ ಎಂಬುದನ್ನು ಆ ರಸ್ತೆ ಬಲ್ಲವರಿಗೆ ಹೇಳಬೇಕಿಲ್ಲ. ಜಾಗದಲ್ಲೇ ನಿಲ್ಲಿಸಿ ಕೋಣೆಯಾಗಿ ಬಳಸುವ ಗಾಡಿಯಾದರೂ, ಮುಂದೊಂದು ದಿನ ಅದನ್ನು ಯಾರೋ ಎಳೆದುಕೊಂಡು ಹೋಗುತ್ತಾರೆ.

ಪಾಲಿಶ್ ವಿಷಯ ಸಣ್ಣದೆಂದು ತೋರಬಹುದು, ನಮಗೆ ಅದು ಸಣ್ಣದಲ್ಲ. ಈ ಗಾಡಿಗಳ ಒಳಗಿನ ಹೊಂಬಣ್ಣ ಬಂದದ್ದು ಅರಗಿನಿಂದ. ನಮ್ಮ ಬಡಿಗರು ಚಪಡಾ ಎಂದು ಕರೆಯುವ ಆ ಅರಗಿನ ಬಿಲ್ಲೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಸೋಸಿ, ಹತ್ತಿಯ ಉಂಡೆಗೆ ಹಳೆಯ ಮಲ್ಲಿನ ಬಟ್ಟೆ ಸುತ್ತಿ, ತೆಳುವಾಗಿ ಮೇಲಿಂದ ಮೇಲೆ ಎಳೆಯುತ್ತಾರೆ. ಪ್ರತಿ ಸಲವೂ ಬಣ್ಣ ಒಂದು ಕೂದಲೆಳೆಯಷ್ಟು ಆಳವಾಗುತ್ತದೆ, ಮರದ ನೂಲು ಹೊರಗೆದ್ದು ಕಾಣುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಇದನ್ನು ಮಾಡಿದರೆ ಸ್ಪಿರಿಟ್ ಆರುವಾಗ ತೇವ ಒಳಗೆ ಸಿಕ್ಕಿ ಮೆರುಗಿನ ಮೇಲೆ ಹಾಲಿನಂಥ ಬಿಳಿ ಪೊರೆ ಕೂರುತ್ತದೆ. ಯಂತ್ರದಿಂದ ಬೇರೆ ಲ್ಯಾಕ್ವರ್ ಸಿಂಪಡಿಸಿ ತಿಂಗಳು ಉಳಿಸಬಹುದಲ್ಲ ಎಂದು ಕೇಳಿದವರಿದ್ದಾರೆ. ಉಳಿಸಬಹುದು, ಆದರೆ ಗೀರು ಬಿದ್ದರೆ ಅಂಥ ಹಲವು ಲ್ಯಾಕ್ವರ್‌ಗಳನ್ನು ಪೂರ್ತಿ ಕೆರೆಯಬೇಕಾಗುತ್ತದೆ. ಅರಗಿನ ಮೆರುಗನ್ನು ಹತ್ತು ವರ್ಷದ ಮೇಲೂ ಗೀರು ಬಿದ್ದಷ್ಟೇ ಜಾಗದಲ್ಲಿ ಸರಿಪಡಿಸಬಹುದು. ಆ ನಾಲ್ಕು ತಿಂಗಳು ಕುಶನ್, ಪರದೆ, ಚೌಕಟ್ಟಿನ ಕೆಲಸ ಎಂದಿನಂತೆ ನಡೆಯುತ್ತವೆ. ಪರದೆಗೆ ಬೆಟಗೇರಿಯ ಕೈಮಗ್ಗದ ಬಟ್ಟೆಯನ್ನೇ ಮುಂದುವರಿಸುತ್ತೇವೆ.

ಹಳೆಯ ಗಾಡಿಗಳಲ್ಲಿ ಒಲೆಯ ಹಿಂದೆ ಕಲ್ನಾರಿನ (ಆಸ್ಬೆಸ್ಟಾಸ್) ತಗಡು, ನೆಲದಲ್ಲಿ ಕಲ್ನಾರು ಬೆರೆಸಿದ ಬಿಲ್ಲೆಗಳು ಇರಬಹುದು. ಸಂಶಯ ಬಂದರೆ ಕೆಲಸ ನಿಲ್ಲಿಸಿ ನಿಮಗೆ ತಿಳಿಸುತ್ತೇವೆ, ಅದರ ಧೂಳು ಉಸಿರಿಗೆ ಅಪಾಯಕಾರಿಯಾದ್ದರಿಂದ ಒಣ ಉಜ್ಜುವಿಕೆ ಮಾಡುವುದಿಲ್ಲ. ಅಮೆರಿಕದ ಗಾಡಿಗಳ ವೈರಿಂಗ್ 120 ವೋಲ್ಟಿನದ್ದು; ನಮ್ಮ 230 ವೋಲ್ಟಿಗೆ ಅದನ್ನು ಜೋಡಿಸಿ ಕೊಡಿರೆಂದರೆ ಆಗುವುದಿಲ್ಲ, ಪೂರ್ತಿ ಹೊಸದಾಗಿ ಎಳೆಯುತ್ತೇವೆ.

ಈಗಾಗಲೇ ನಮ್ಮ ಅಂಗಳದಲ್ಲಿರುವ ಗಾಡಿಗಳಿಗೂ, ಯುಗಾದಿಗೆ ಮುಂಚೆ ಮುಂಗಡ ಕೊಟ್ಟವರಿಗೂ ಹಳೆಯ ಅಂದಾಜೇ ಅನ್ವಯಿಸುತ್ತದೆ. ಆ ಮಾತಿಗೆ ನಾವು ಬದ್ಧರು. ಹೊಸದಾಗಿ ಬರುವವರು ಮೊದಲ ಹಂತದಲ್ಲಿ ಬಿಚ್ಚಿದ ಪ್ರತಿ ಭಾಗದ ಚಿತ್ರವನ್ನು ಮೊಬೈಲಿನಲ್ಲಿ ನೋಡಬಹುದು, ಸಾಧ್ಯವಿದ್ದರೆ ಸ್ವತಃ ಬಂದು ದಬ್ಬಣ ಚುಚ್ಚಿ ನೋಡಬಹುದು. ನೋಡಿದ ಮೇಲೆ ಕೆಲಸ ಬೇಡವೆನಿಸಿದರೆ ಹಳೆಯ ಹಲಗೆಗಳನ್ನು ಸಾಧ್ಯವಾದ ಮಟ್ಟಿಗೆ ಇದ್ದಂತೆ ಕೂಡಿಸಿ ಗಾಡಿಯನ್ನು ಮರಳಿಸುತ್ತೇವೆ, ಮುನಿಸಿಕೊಳ್ಳುವುದಿಲ್ಲ. ಖರ್ಚು ಒಮ್ಮೆಗೆ ಭಾರವಾಗುವವರು ಈ ವರ್ಷ ಛಾವಣಿ ಮತ್ತು ಚೌಕಟ್ಟು ಮಾಡಿಸಿ, ಒಳಗಿನ ಮೆರುಗನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಹಾಗೆ ಮಾಡಿದವರಿಗೆ ಎರಡನೆಯ ವರ್ಷ ಪರೀಕ್ಷೆಯ ಶುಲ್ಕ ಇರುವುದಿಲ್ಲ.

ಸದ್ಯ ಪೂರ್ತಿ ಬಿಚ್ಚಿದ ಸ್ಥಿತಿಯಲ್ಲಿ ಒಂದು ಗಾಡಿ ಅಂಗಳದಲ್ಲಿದೆ. ಈ ತಿಂಗಳ ಶನಿವಾರಗಳಂದು ಮಧ್ಯಾಹ್ನದವರೆಗೆ ಯಾರು ಬಂದರೂ ಅದನ್ನು ತೋರಿಸಿ, ನಿಮ್ಮ ಗಾಡಿಯ ಬಗ್ಗೆ ಕೇಳಬೇಕಾದ್ದನ್ನು ಕುಳಿತು ಮಾತಾಡಲು ನಮ್ಮ ಹಿರಿಯ ಬಡಿಗರು ಇರುತ್ತಾರೆ. ಬರುವಾಗ ಗಾಡಿಯ ಛಾವಣಿಯ ಮತ್ತು ನಾಲ್ಕೂ ಒಳಮೂಲೆಗಳ ಚಿತ್ರ ತಂದರೆ ಅನುಕೂಲ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಂಘದ ಎಲ್ಲ ಸದಸ್ಯರ ಪರವಾಗಿ