ಮಗಳಿಗೊಂದು ಪತ್ರ: ಒಂದೇ ಸಾಲಿನ ರಾಜೀನಾಮೆ

ಪ್ರೀತಿಯ ಪುಟ್ಟಿ,

ಭಾನುವಾರ ಬೆಳಿಗ್ಗೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ನನ್ನ ತಲೆಯಲ್ಲೇ ಸುತ್ತುತ್ತಿದೆ. "ಅಮ್ಮಾ, ಅರ್ಧಕ್ಕಿಂತ ಜಾಸ್ತಿ ಜನ ಬೇಡ ಅಂದ ಮೇಲೂ ಇಲ್ಲಿ ಅಮೆರಿಕದಲ್ಲಿ ಅಧ್ಯಕ್ಷರು ಯಾಕೆ ರಾಜೀನಾಮೆ ಕೊಡಬೇಕಾಗಿಲ್ಲ? ಕೊಟ್ಟರೆ ಆಮೇಲೆ ಯಾರು?" ಅಷ್ಟರಲ್ಲಿ ಇಲ್ಲಿ ಕುಕ್ಕರ್ ಕೂಗಿತು, ಅಲ್ಲಿ ನಿನಗೆ ಮಲಗುವ ಹೊತ್ತಾಯಿತು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಅರ್ಧ ಉತ್ತರ ಕೊಟ್ಟು ಸುಮ್ಮನೆ ಕೂರಲು ಮನಸ್ಸು ಒಪ್ಪಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆಯವರಿಗೆ ಈ ಪ್ರಶ್ನೆ ಬರುವುದು ಸಹಜ. 1984ರ ಡಿಸೆಂಬರಿನ ಲೋಕಸಭೆ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ಬರೀ 4. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ 139 ಸೀಟು ಗೆದ್ದು ಬಂದರು. ನಾನಾಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಹಾಸ್ಟೆಲ್ಲಿನ ರೇಡಿಯೊ ಸುತ್ತ ಎಲ್ಲರೂ ಗುಂಪು ಕಟ್ಟಿ ಕೂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದೇ ಹೆಗಡೆಯವರು 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಗಲಾಟೆಯಲ್ಲಿ ಕುರ್ಚಿ ಬಿಟ್ಟಾಗ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ನಮ್ಮಲ್ಲಿ ಶಾಸಕರ ಬೆಂಬಲ ಯಾರಿಗಿದೆಯೋ ಅವರಿಗೇ ಕುರ್ಚಿ.

ನೀನಿರುವ ದೇಶದಲ್ಲಿ ಹಾಗಿಲ್ಲ. ಅಧ್ಯಕ್ಷರು ಕಾಂಗ್ರೆಸ್ಸನ್ನು, ಅಂದರೆ ಅಲ್ಲಿನ ಸಂಸತ್ತನ್ನು, ವಿಸರ್ಜಿಸುವ ಹಾಗಿಲ್ಲ, ಕಾಂಗ್ರೆಸ್ ಅವಿಶ್ವಾಸ ಮಂಡಿಸಿ ಅಧ್ಯಕ್ಷರನ್ನು ಇಳಿಸುವ ಹಾಗೂ ಇಲ್ಲ. ನಾಲ್ಕು ವರ್ಷ ಅಂದರೆ ನಾಲ್ಕು ವರ್ಷ. ಅಧ್ಯಕ್ಷರ ಕೆಲಸವನ್ನು ನೂರಕ್ಕೆ ಎಷ್ಟು ಜನ ಮೆಚ್ಚುತ್ತಾರೆ ಅಂತ ಗ್ಯಾಲಪ್ ಅನ್ನುವ ಸಮೀಕ್ಷೆಯವರು ದಶಕಗಳ ಕಾಲ ಜನರನ್ನು ಕೇಳಿ ಅಂಕಿ ಹೇಳುತ್ತಿದ್ದರು, ಅದು ಏರುತ್ತಿತ್ತು, ಇಳಿಯುತ್ತಿತ್ತು. ಹ್ಯಾರಿ ಟ್ರೂಮನ್ 1952ರ ಫೆಬ್ರವರಿಯಲ್ಲಿ 22 ಪರ್ಸೆಂಟ್‌ಗೆ ಬಿದ್ದರು. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ, ನಿಜ. ಆದರೆ 1953ರ ಜನವರಿಯವರೆಗೂ ಅವರೇ ಅಧ್ಯಕ್ಷರು. ಜಾರ್ಜ್ ಡಬ್ಲ್ಯೂ. ಬುಷ್ 2001ರ ಸೆಪ್ಟೆಂಬರಿನಲ್ಲಿ 90 ಮುಟ್ಟಿದ್ದವರು, 2008ರಲ್ಲಿ 25ಕ್ಕೆ ಇಳಿದರು. ಅವರೂ ಅವಧಿ ಮುಗಿಸಿಯೇ ಹೋದರು.

ಇನ್ನು ರಿಚರ್ಡ್ ನಿಕ್ಸನ್. ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟ ಒಬ್ಬನೇ ಮನುಷ್ಯ. 1972ರ ನವೆಂಬರಿನಲ್ಲಿ 50 ರಾಜ್ಯಗಳಲ್ಲಿ 49 ಗೆದ್ದಿದ್ದರು. ಎರಡು ವರ್ಷ ತುಂಬುವ ಮೊದಲೇ, 1974ರ ಆಗಸ್ಟಿನಲ್ಲಿ, ಅವರ ಅಂಕಿ 24. ಗಮನಿಸು ಪುಟ್ಟಿ, ಟ್ರೂಮನ್ ಅವರಿಗಿಂತ ಎರಡು ಜಾಸ್ತಿಯೇ ಇತ್ತು! ಹಾಗಾದರೆ ಅವರನ್ನು ಇಳಿಸಿದ್ದು ಯಾವುದು?

ಟೇಪುಗಳು. ವಾಟರ್‌ಗೇಟ್ ಕಟ್ಟಡದಲ್ಲಿ ಎದುರಾಳಿ ಪಕ್ಷದ ಕಚೇರಿಗೆ ನುಗ್ಗಿದ ಪ್ರಕರಣದ ತನಿಖೆ ತಪ್ಪಿಸಲು ಅವರೇ ಮಾತಾಡಿದ್ದು, ಅವರದೇ ಕೋಣೆಯಲ್ಲಿ, ಅವರೇ ಹಾಕಿಸಿದ್ದ ಯಂತ್ರದಲ್ಲಿ ರೆಕಾರ್ಡ್ ಆಗಿತ್ತು. ಕೊಡುವುದಿಲ್ಲ ಅಂತ ಹಟ ಹಿಡಿದರು. ಜುಲೈ 24ರಂದು ಸುಪ್ರೀಂ ಕೋರ್ಟು ಕೊಡಲೇಬೇಕು ಅಂದಿತು. ತೀರ್ಪು ಕೊಟ್ಟ ಎಂಟೂ ಜನ ಒಂದೇ ಮಾತು ಹೇಳಿದರು, ಅವರಲ್ಲಿ ಮೂವರು ನಿಕ್ಸನ್ ಅವರೇ ನೇಮಿಸಿದವರು. ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಎರಡೆರಡು ಸಲ ಹೇಳುತ್ತಿದ್ದೆ.

ಆಗಸ್ಟ್ 5ಕ್ಕೆ ಆ ಟೇಪಿನ ಮಾತು ಹೊರಬಿತ್ತು. 7ರ ಸಂಜೆ ಅವರದೇ ಪಕ್ಷದ ಮೂವರು, ಬ್ಯಾರಿ ಗೋಲ್ಡ್‌ವಾಟರ್, ಹ್ಯೂ ಸ್ಕಾಟ್, ಜಾನ್ ರೋಡ್ಸ್, ಶ್ವೇತಭವನಕ್ಕೆ ಹೋದರು. ಇಂಪೀಚ್‌ಮೆಂಟ್, ಅಂದರೆ ಗಂಭೀರ ತಪ್ಪು ಮಾಡಿದ ಅಧ್ಯಕ್ಷರನ್ನು ಕಾಂಗ್ರೆಸ್ ವಿಚಾರಣೆ ಮಾಡಿ ಇಳಿಸುವ ದಾರಿ, ನಮ್ಮ ಪೇಪರಿನವರು ವಾಗ್ದಂಡನೆ ಅಂತ ಬರೆಯುತ್ತಾರಲ್ಲ, ಅದು ಮೇಲ್ಮನೆಯಾದ ಸೆನೆಟ್ಟಿಗೆ ಬಂದರೆ ಉಳಿಯಲು 34 ವೋಟು ಬೇಕು. ನಿಮ್ಮ ಕಡೆ ಹದಿನೈದರ ಆಸುಪಾಸು ಇರಬಹುದು ಅಂದರು. ಜನರ ಅಂಕಿ ಕೆಲಸ ಮಾಡುವುದು ಇಲ್ಲೇ ನೋಡು. 24 ಅನ್ನುವ ಅಂಕಿ ತಾನೇ ಯಾರನ್ನೂ ಇಳಿಸುವುದಿಲ್ಲ. ಆದರೆ ನವೆಂಬರಿನಲ್ಲಿ ವೋಟು ಕೇಳಲು ಊರಿಗೆ ಹೋಗಬೇಕಾದ ಪಕ್ಷದವರಿಗೆ ಅದು ರಾತ್ರಿ ನಿದ್ದೆ ಕೊಡುವುದಿಲ್ಲ. ಸಾಕ್ಷಿಯೂ ಕೈಗೆ ಸಿಕ್ಕಿ, ಜನರ ಒಲವೂ ಇಲ್ಲದಿದ್ದಾಗ ಜೊತೆಗಿದ್ದವರು ಒಬ್ಬೊಬ್ಬರಾಗಿ ದೂರ ಸರಿಯುತ್ತಾರೆ.

ಆ ರಾಜೀನಾಮೆ ಪತ್ರದ ಚಿತ್ರವನ್ನು ನೀನು ನೋಡಲೇಬೇಕು. ಒಂದೇ ಒಂದು ವಾಕ್ಯ. ಅಮೆರಿಕದ ಅಧ್ಯಕ್ಷ ಪದವಿಗೆ ಈ ಮೂಲಕ ರಾಜೀನಾಮೆ ಕೊಡುತ್ತಿದ್ದೇನೆ, ಅಷ್ಟೇ. ಕಾರಣವಿಲ್ಲ, ಕ್ಷಮೆಯಿಲ್ಲ. ಬರೆದದ್ದು ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕಿಸಿಂಜರ್ ಅವರಿಗೆ, ಯಾಕೆಂದರೆ ರಾಜೀನಾಮೆ ಆ ಕಚೇರಿಗೇ ತಲುಪಬೇಕು ಅಂತ 1792ರಲ್ಲೇ ಕಾನೂನು ಮಾಡಿಟ್ಟಿದ್ದರು. ಕೆಳಗೆ ಕಿಸಿಂಜರ್ ಕೈಬರಹದಲ್ಲಿ ಸಮಯ ಬರೆದಿದ್ದಾರೆ: 11.35. ಮಧ್ಯಾಹ್ನ 12ಕ್ಕೆ ಜೆರಾಲ್ಡ್ ಫೋರ್ಡ್ ಅವರ ಅವಧಿ ಶುರುವಾಯಿತು. ಎಂತಹ ದೊಡ್ಡ ಅಧಿಕಾರ, ಒಂದು ಗುಂಡಿನ ಸದ್ದೂ ಇಲ್ಲದೆ ಕೈ ಬದಲಾಯಿತು. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತೆ.

ಈ ಫೋರ್ಡ್ ಯಾರು ಅನ್ನುವುದೇ "ಆಮೇಲೆ ಯಾರು?" ಅನ್ನುವ ನಿನ್ನ ಎರಡನೇ ಪ್ರಶ್ನೆಗೆ ಉತ್ತರ. ಅಧ್ಯಕ್ಷರು ಇಳಿದರೆ ಉಪಾಧ್ಯಕ್ಷರೇ ಅಧ್ಯಕ್ಷರು. 1972ರಲ್ಲಿ ನಿಕ್ಸನ್ ಜೊತೆ ಗೆದ್ದ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ. ಅವರ ಮೇಲೆ ಲಂಚದ ಆರೋಪ ಬಂದು, ತೆರಿಗೆ ಕೇಸಿನಲ್ಲಿ ಸಿಕ್ಕಿ, 1973ರ ಅಕ್ಟೋಬರ್ 10ಕ್ಕೆ ರಾಜೀನಾಮೆ ಕೊಟ್ಟರು. 1967ಕ್ಕಿಂತ ಮೊದಲು ಉಪಾಧ್ಯಕ್ಷ ಸ್ಥಾನ ಖಾಲಿಯಾದರೆ ಮುಂದಿನ ಚುನಾವಣೆವರೆಗೆ ಖಾಲಿಯೇ. ಅಧ್ಯಕ್ಷ ಕೆನಡಿ ಹತ್ಯೆಯಾದ ಮೇಲೆ ಆ ಕುರ್ಚಿಗೆ ಬಂದ ಜಾನ್ಸನ್ ಹದಿಮೂರು ತಿಂಗಳಿಗೂ ಜಾಸ್ತಿ ಉಪಾಧ್ಯಕ್ಷರಿಲ್ಲದೆ ನಡೆಸಿದರು. ಆಮೇಲೆ 25ನೇ ತಿದ್ದುಪಡಿ ಬಂತು: ಅಧ್ಯಕ್ಷರು ಹೆಸರು ಸೂಚಿಸಬೇಕು, ಎರಡೂ ಸದನ ಒಪ್ಪಬೇಕು. ನಿಕ್ಸನ್ ಸೂಚಿಸಿದ್ದು ಫೋರ್ಡ್ ಹೆಸರನ್ನು.

ಆಗ್ನ್ಯೂ ಹೋದ ದಿನದಿಂದ ಡಿಸೆಂಬರ್ 6ರವರೆಗೆ 57 ದಿನ ಉಪಾಧ್ಯಕ್ಷರೇ ಇರಲಿಲ್ಲ. ಆ ಹೊತ್ತಲ್ಲಿ ನಿಕ್ಸನ್ ಇಳಿದಿದ್ದರೆ ಸಾಲಿನಲ್ಲಿ ಮುಂದಿದ್ದವರು ಸ್ಪೀಕರ್ ಕಾರ್ಲ್ ಆಲ್ಬರ್ಟ್. ಅವರು ಎದುರು ಪಕ್ಷದವರು, ಡೆಮಾಕ್ರಟ್. ಎರಡೂ ಸದನಗಳಲ್ಲಿ ಬಹುಮತ ಅವರ ಪಕ್ಷದ್ದೇ. ಫೋರ್ಡ್ ಅವರನ್ನು ತಡೆದಿಟ್ಟು ನಿಕ್ಸನ್ ಅವರನ್ನು ಇಳಿಸಿದ್ದರೆ, ಒಂದು ವೋಟೂ ಬೀಳದೆ ಶ್ವೇತಭವನ ಅವರ ಕೈಗೆ ಬರುತ್ತಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ಸೆನೆಟ್ಟಿನಲ್ಲಿ 92ಕ್ಕೆ 3, ಕೆಳಮನೆಯಲ್ಲಿ 387ಕ್ಕೆ 35 ವೋಟಿನಿಂದ ಫೋರ್ಡ್ ಅವರನ್ನು ಒಪ್ಪಿದರು. ಅಧ್ಯಕ್ಷ ಪದವಿಗೆ ಜನ ಗೆಲ್ಲಿಸಿದ್ದು ನಿಕ್ಸನ್ ಅವರ ರಿಪಬ್ಲಿಕನ್ ಪಕ್ಷವನ್ನು, ಕುರ್ಚಿ ಅವರ ಬಳಿಯೇ ಉಳಿಯಿತು. ಇಡೀ ವಾಟರ್‌ಗೇಟ್ ಕತೆಯಲ್ಲಿ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಇದು. ಟೇಪಿನ ಕತೆ ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ.

ಫೋರ್ಡ್ ಬಂದಾಗ ಜನ ಉಸಿರು ಬಿಟ್ಟರು, ಅಂಕಿ 71. ಒಂದು ತಿಂಗಳಿಗೆ, ಸೆಪ್ಟೆಂಬರ್ 8ರಂದು, ನಿಕ್ಸನ್‌ಗೆ ಪೂರ್ತಿ ಕ್ಷಮಾದಾನ ಕೊಟ್ಟರು. ಅಂಕಿ ಒಮ್ಮೆಲೇ 50ಕ್ಕೆ ಬಿತ್ತು. ದೇಶ ಮುಂದೆ ಸಾಗಲಿ ಅಂತ ಮಾಡಿದ್ದು ಅನ್ನುತ್ತಾರೆ. ನನಗೆ ಇವತ್ತಿಗೂ ಅದು ಸರಿ ಅನ್ನಿಸುವುದಿಲ್ಲ. ಕೋರ್ಟಿನ ಮುಂದೆ ನಿಲ್ಲಬೇಕಿತ್ತು. ನಿನ್ನ ಅಪ್ಪ ಒಪ್ಪುವುದಿಲ್ಲ, ನಿನ್ನೆ ರಾತ್ರಿಯೂ ಊಟ ಮಾಡುತ್ತಾ ಇದೇ ಚರ್ಚೆ.

ಆಮೇಲೆ ಒಂದು ಕೆಲಸ ಮಾಡು. ನಿಮ್ಮ ಅರ್ವೈನ್‌ನಿಂದ ಯೋರ್ಬಾ ಲಿಂಡಾ ಜಾಸ್ತಿ ದೂರವಿಲ್ಲ. ನಿಕ್ಸನ್ ಹುಟ್ಟಿದ ಮನೆ ಅಲ್ಲೇ ಇದೆ, ಅವರಪ್ಪ ಕೈಯಾರೆ ಕಟ್ಟಿದ ಪುಟ್ಟ ಮನೆ. ಸಮಾಧಿಯೂ ಅದರ ಪಕ್ಕದಲ್ಲೇ. ಆಗಸ್ಟ್ 9ರ ಬೆಳಿಗ್ಗೆ ಶ್ವೇತಭವನದಿಂದ ಅವರನ್ನು ಕರೆದೊಯ್ದ ಹೆಲಿಕಾಪ್ಟರನ್ನೂ ಅಲ್ಲಿನ ಮ್ಯೂಸಿಯಮ್ಮಿನವರು ಜೋಪಾನವಾಗಿ ಇಟ್ಟಿದ್ದರು, ಈಗಲೂ ಅಲ್ಲೇ ಇದೆಯಾ ಅಂತ ಮೊದಲು ಕೇಳಿಕೋ. ಅದರ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿದ ಫೋಟೊ ನಮ್ಮ ಸ್ಟಾಫ್ ರೂಮಿನ ಹಳೇ ಪುಸ್ತಕದಲ್ಲಿತ್ತು. ಒಂದು ಶನಿವಾರ ಹೋಗಿ ಬಾ. ಹೆಲಿಕಾಪ್ಟರ್ ಅಲ್ಲಿದ್ದರೆ ಆ ಮೆಟ್ಟಿಲುಗಳ ಫೋಟೊ ತೆಗೆದು ಕಳಿಸು, ಹತ್ತಿರದಿಂದ ತೆಗಿ. ಅಪ್ಪನಿಗೂ ತೋರಿಸಬೇಕು.

ನಿನ್ನ
ಅಮ್ಮ