ಮಾನ್ಯ ಸಾರಿಗೆ ಸಚಿವರೇ, ಒಂದೇ ಕಾರಿನ ತೆರಿಗೆ ಎರಡು ರಾಜ್ಯಗಳಲ್ಲಿ ಸಿಕ್ಕಿಹಾಕಿಕೊಂಡಿದೆ

ಮಾನ್ಯ ಸಾರಿಗೆ ಸಚಿವರಿಗೆ, ಕರ್ನಾಟಕ ಸರ್ಕಾರ, ಬೆಂಗಳೂರು.

ನಮಸ್ಕಾರ ಸರ್.

ತೆರಿಗೆ ಮನ್ನಾ ಮಾಡಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ನಾನು ಮಹಾರಾಷ್ಟ್ರದಲ್ಲಿ ನೌಕರಿ ಮುಗಿಸಿ ಊರಿಗೆ ವಾಪಸ್ ಬಂದವನು. 2012ರಲ್ಲಿ ಅಲ್ಲೇ ಕೊಂಡ ಆಲ್ಟೊ ಕಾರೂ ನನ್ನ ಜೊತೆ ಬಂತು. ಅದರ ಲೈಫ್ ಟ್ಯಾಕ್ಸನ್ನು, ಅಂದರೆ ಮುಂದಿನ ವರ್ಷಗಳ ರಸ್ತೆ ತೆರಿಗೆಯನ್ನೂ ಸೇರಿಸಿ, ಅಲ್ಲಿನ ಸರ್ಕಾರಕ್ಕೆ ಒಂದೇ ಗಂಟಿನಲ್ಲಿ ಕಟ್ಟಿದ್ದೆ. ಈಗ ಇಲ್ಲೂ ಕಟ್ಟಬೇಕು. ಕಟ್ಟೋಣ. ಇಲ್ಲಿನ ರಸ್ತೆ ಬಳಸುವ ಗಾಡಿ ಇಲ್ಲೇ ತೆರಿಗೆ ಕೊಡಬೇಕು, ಅದು ನ್ಯಾಯವೇ. ಆದರೆ ಬಾಕಿ ವರ್ಷಗಳ ಲೆಕ್ಕದಲ್ಲಿ ಅಲ್ಲಿ ಉಳಿದಿರುವ ನನ್ನ ದುಡ್ಡನ್ನು ಬಿಡಿಸಿಕೊಂಡು ಬರುವ ಕೆಲಸವೂ ನನ್ನ ತಲೆಗೇ ಯಾಕೆ?

ಕ್ರಮ ನೋಡಿ. ಮೊದಲು ಹಳೇ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಅಂದರೆ ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಆಕ್ಷೇಪಣೆ ಇಲ್ಲ ಅನ್ನುವ ಪತ್ರ. ಇಲ್ಲಿಗೆ ಬಂದ ಮೇಲೆ ಹೊಸ ನಂಬರಿಗೆ ಫಾರ್ಮ್ 27. ಜೊತೆಗೆ ವಿಳಾಸದ ದಾಖಲೆ, ಇನ್ಶೂರೆನ್ಸ್, ಎಮಿಶನ್ ಸರ್ಟಿಫಿಕೇಟ್. ಆಮೇಲೆ ಗಾಡಿಯನ್ನು ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಬಾನೆಟ್ ಎತ್ತಿ, ಚಾಸಿ ನಂಬರಿನ ಮೇಲೆ ಕೂತ ಎಣ್ಣೆ-ಧೂಳನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಾರೆ. ಹಳೇ ಗಾಡಿಯಲ್ಲಿ ಒಂದೆರಡು ಅಂಕಿ ಸವೆದಿರುತ್ತವೆ, ಮತ್ತೆ ಉಜ್ಜಬೇಕು. ಗಾಡಿಗಳ ನೋಂದಣಿ ವಿವರ ಇರುವ ಸರ್ಕಾರಿ ವಾಹನ್ ಪೋರ್ಟಲ್‌ನಲ್ಲಿ ಅದೇ ನಂಬರ್ ಇದ್ದೇ ಇದೆ. ಇರಲಿ, ಕಳ್ಳಗಾಡಿ ಹಿಡಿಯಲು ಇದೆಲ್ಲ ಬೇಕು, ಅದಕ್ಕೆ ತಕರಾರಿಲ್ಲ.

ತಕರಾರು ಇದರ ನಂತರದ್ದು. ಇಲ್ಲಿ ಪೂರ್ತಿ ತೆರಿಗೆ ಕಟ್ಟಿ, ಹೊಸ ಆರ್‌ಸಿ ಕೈಗೆ ಬಂದ ಮೇಲಷ್ಟೇ ಅದನ್ನು ತೋರಿಸಿ ಹಳೇ ರಾಜ್ಯದಲ್ಲಿ ರೀಫಂಡ್ ಕೇಳಬೇಕು. ಅಷ್ಟು ದಿನ ಒಂದೇ ಗಾಡಿಯ ತೆರಿಗೆ ಎರಡು ಖಜಾನೆಗಳಲ್ಲಿ ಕೂತಿರುತ್ತದೆ. ಗಾಡಿಗೆ ವಯಸ್ಸಾದಷ್ಟೂ ಇಲ್ಲಿ ಕಟ್ಟುವುದು ಇಳಿಯುತ್ತದೆ, ನಿಜ. ಅಲ್ಲಿಂದ ಬರುವುದೂ ಇಳಿಯುತ್ತದೆ. ಕೊನೆಗೆ ಸಿಗುವ ದುಡ್ಡು ಹೋಗಿಬರುವ ಖರ್ಚಿಗೂ ಏಜೆಂಟರ ಕೈಗೂ ಸರಿಯಾಗುತ್ತದೆ ಅಂತ ಎಷ್ಟೋ ಜನ ಕೇಳುವ ಗೋಜಿಗೇ ಹೋಗುವುದಿಲ್ಲ. ಹಾಗೆ ಬಿಟ್ಟ ದುಡ್ಡು ಯಾರಿಗೆ ಲಾಭ, ನೀವೇ ಹೇಳಿ.

2021ರಲ್ಲಿ ಬಿಎಚ್ ಸೀರೀಸ್ ಬಂತಲ್ಲ, ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲ, ಅದನ್ನು ತಗೊಳ್ಳಿ ಅಂತಾರೆ. ಅದು ಸರ್ಕಾರಿ ನೌಕರರಿಗೆ, ಸೈನ್ಯದವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರಿಗೆ. ಕಿರಾಣಿ ಅಂಗಡಿ ಮುಚ್ಚಿ ಊರಿಗೆ ಬಂದವನಿಗಲ್ಲ. ನನ್ನಂಥ ಖಾಸಗಿ ಕಂಪನಿಯ ನಿವೃತ್ತನಿಗೂ ಅಲ್ಲ.

ಗಡುವಿನ ವಿಷಯ ಒಂದು ಮಾತು. ಹೊಸ ನಂಬರಿಗೆ ಕೇಂದ್ರದ ಕಾನೂನು 12 ತಿಂಗಳು ಕೊಡುತ್ತದೆ. ನಮ್ಮ ರಾಜ್ಯ 2014ರಲ್ಲಿ ಕಾಯ್ದೆ ತಿದ್ದಿ, 30 ದಿನ ದಾಟಿದರೆ ಲೈಫ್ ಟ್ಯಾಕ್ಸ್ ಕಟ್ಟಿ ಅಂದಿತ್ತು. ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಇಷ್ಟಾದರೂ ಎಂಎಚ್ ನಂಬರ್ ಕಂಡರೆ ಕೈ ಅಡ್ಡ ಹಾಕಿ, ಬಂದು ಎಷ್ಟು ದಿನ ಆಯ್ತು ಅಂತ ಕೇಳುವುದು ತಪ್ಪಿಲ್ಲ. ಬಂದ ದಿನಕ್ಕೆ ಸಾಕ್ಷಿ ಇರಲಿ ಅಂತ ಟೋಲ್ ರಸೀದಿ ಜೋಪಾನ ಮಾಡಿಟ್ಟುಕೊಂಡು ಓಡಾಡುತ್ತೇವೆ.

ನಾನು ಕೇಳುವುದು ಇಷ್ಟೇ. ಹಳೇ ರಾಜ್ಯದಲ್ಲಿ ಎಷ್ಟು ರೀಫಂಡ್ ಬರಬೇಕೋ ಅಷ್ಟನ್ನು ಇಲ್ಲಿನ ತೆರಿಗೆಯಲ್ಲಿ ಮುರಿದುಕೊಳ್ಳಿ. ಉಳಿದದ್ದನ್ನು ನಾವು ಕಟ್ಟುತ್ತೇವೆ. ಆ ಮೊತ್ತವನ್ನು ನೀವು ಆ ಸರ್ಕಾರದಿಂದ ವಸೂಲಿ ಮಾಡಿಕೊಳ್ಳಿ. ಇಲ್ಲಿಂದ ಅಲ್ಲಿಗೆ ಹೋಗುವ ಗಾಡಿಗಳಿಗೂ ಹಾಗೇ ಮಾಡಿ, ವರ್ಷಕ್ಕೊಮ್ಮೆ ಕೂತು ಲೆಕ್ಕ ಚುಕ್ತಾ ಮಾಡಿಕೊಂಡರಾಯಿತು. ಬಸ್ಸುಗಳ ಪರ್ಮಿಟ್‌ಗೆ ಎರಡೂ ರಾಜ್ಯಗಳು ಒಪ್ಪಂದ ಮಾಡಿಕೊಂಡಿವೆ ಅಲ್ವಾ? ನಮ್ಮ ಕೆಂಪು ಬಸ್ಸು ಕೊಲ್ಹಾಪುರಕ್ಕೆ ಹೋಗುತ್ತದೆ, ಅವರ ಬಸ್ಸು ಬೆಳಗಾವಿಗೆ ಬರುತ್ತದೆ. ಇಡೀ ದೇಶಕ್ಕೆ ಒಂದೇ ಸಲ ಆಗಬೇಕಿಲ್ಲ. ಮೊದಲು ಮಹಾರಾಷ್ಟ್ರದ ಜೊತೆ ಮಾತಾಡಿ. ನಿಪ್ಪಾಣಿ, ಚಿಕ್ಕೋಡಿ ಕಡೆ ಮನೆ ಇಲ್ಲಿ, ದುಡಿಮೆ ಅಲ್ಲಿ ಅನ್ನುವವರು ಎಷ್ಟು ಜನ ಅಂತ ಆ ಭಾಗದ ಶಾಸಕರನ್ನು ಕೇಳಿದರೆ ಹೇಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಎಂಎಚ್ ನಂಬರಿನ ಹಳೇ ಕಾರಿನ ಮಾಲೀಕ