ಸ್ಟುಟ್‌ಗಾರ್ಟ್‌ನಲ್ಲಿ ಮೂರು ವರ್ಷ, ಮಂಡ್ಯದಲ್ಲಿ ಐದು ದಿನ

ಮಾನ್ಯ ಸಂಪಾದಕರೇ,

ಹೊರದೇಶಕ್ಕೆ ಹೊರಟ ಮಕ್ಕಳಿಗೆ ನಾವು ಚಟ್ನಿಪುಡಿ, ಹುಣಸೆಹಣ್ಣಿನಿಂದ ಹಿಡಿದು ಕುಕ್ಕರಿನ ರಬ್ಬರಿನವರೆಗೆ ಎಲ್ಲವನ್ನೂ ಕಟ್ಟಿಕೊಡುತ್ತೇವೆ. ತಲೆಕೂದಲು ಅಲ್ಲಿಯೂ ಬೆಳೆಯುತ್ತದೆ ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಮಗ, ಸೊಸೆ, ಆರು ವರ್ಷದ ಮೊಮ್ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿ ಎಂಟು ತಿಂಗಳಾದ ಮೇಲೆ ನಾನೂ ಯಜಮಾನರೂ ತೊಂಬತ್ತು ದಿನಗಳ ವೀಸಾ ಪಡೆದು ಹೋದೆವು. ವಿಮಾನ ನಿಲ್ದಾಣದಲ್ಲಿ ಮೊಮ್ಮಗನನ್ನು ಕಂಡೊಡನೆ ನನ್ನ ಬಾಯಿಂದ ಬಂದ ಮೊದಲ ಮಾತು, ‘ಇದೇನೋ ತಲೆ, ಇಲಿ ಕಡಿದ ಹಾಗಿದೆ?’ ಮಗ ಮೊಬೈಲ್‌ನಲ್ಲಿ ವಿಡಿಯೊ ನೋಡಿಕೊಂಡು ತಾನೇ ಯಂತ್ರ ಓಡಿಸಿದ್ದನಂತೆ.

ಅಂಗಡಿಗೆ ಏಕೆ ಹೋಗಲಿಲ್ಲ ಎಂದು ಗದರಿದೆ. ಹೋಗುವುದು ಎಷ್ಟು ಕಷ್ಟವೆಂದು ಯಜಮಾನರ ಕೂದಲು ಕಿವಿ ಮುಟ್ಟಿದಾಗ ತಿಳಿಯಿತು. ಅಲ್ಲಿ ಮೊದಲೇ ದಿನ, ಗಂಟೆ ಗೊತ್ತು ಮಾಡಿಕೊಳ್ಳಬೇಕು. ಅದಕ್ಕೆ ‘ಟೆರ್ಮಿನ್’ ಎನ್ನುತ್ತಾರೆ. ನಮ್ಮವರು ಮಂಗಳವಾರ ತಲೆಗೆ ಕತ್ತರಿ ಮುಟ್ಟಿಸುವವರಲ್ಲ. ಮಂಡ್ಯದಲ್ಲಿ ಅಂದು ಕ್ಷೌರದ ಅಂಗಡಿಗಳೇ ಬಾಗಿಲು ಹಾಕಿರುತ್ತವೆ. ಶುಕ್ರವಾರ ಲಕ್ಷ್ಮಿಯ ದಿನ. ಶನಿವಾರ ನಮ್ಮ ಅತ್ತೆಯವರ ಕಾಲದಿಂದಲೂ ನಿಷಿದ್ಧ. ಆ ಊರಿನಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಸೋಮವಾರ ಬಹುಪಾಲು ಕ್ಷೌರದವರಿಗೆ ರಜೆ. ಉಳಿದದ್ದು ಬುಧವಾರ, ಗುರುವಾರ. ಆ ಎರಡು ದಿನವೂ ಮಗನಿಗೆ ಕಚೇರಿ. ಅವನಿಲ್ಲದೆ ನಮಗೆ ಬಾಯಿಲ್ಲ. ದೂರವಾಣಿ ವಿನಿಮಯ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ಊರವರ ಮಾತನ್ನೆಲ್ಲ ಜೋಡಿಸಿದ ನಾನು ಆ ದೇಶದಲ್ಲಿ ಒಂದು ಕರೆ ಮಾಡಲಾರದೆ ಕುಳಿತೆ.

ಕೊನೆಗೊಂದು ಗುರುವಾರ ಸಂಜೆ ಮಗ ರಜೆ ಹಾಕಿ ಕರೆದೊಯ್ದ. ಯಜಮಾನರು ಕುರ್ಚಿಯಲ್ಲಿ ಕುಳಿತು ಠೀವಿಯಿಂದ ‘ಮೀಡಿಯಂ’ ಎಂದರು. ಎಷ್ಟು ಮಿಲಿಮೀಟರ್ ಎಂದು ಕತ್ತರಿ ಹಿಡಿದಾಕೆ ಕೇಳಿದಳು. ಮೂವತ್ತು ವರ್ಷ ಮಂಡ್ಯದ ಗುತ್ತಲು ರಸ್ತೆಯ ಒಂದೇ ಅಂಗಡಿಗೆ ತಲೆ ಒಪ್ಪಿಸಿದವರಿಗೆ ಆ ತಲೆಯ ಅಳತೆ ಗೊತ್ತಿರಲಿಲ್ಲ. ತಿಳಿಯದು ಎಂದು ಒಪ್ಪಿಕೊಂಡರೆ ಮಾನ ಹೋದೀತೆಂದು ‘ಆರು’ ಎಂದುಬಿಟ್ಟರು. ಆರು ಮಿಲಿಮೀಟರ್ ಎಂದರೆ ಕಾಲು ಇಂಚೂ ಇಲ್ಲ. ಹತ್ತು ನಿಮಿಷದಲ್ಲಿ, ನಂಜನಗೂಡಿನಲ್ಲಿ ಮುಡಿ ಕೊಟ್ಟು ಕಪಿಲೆಯಲ್ಲಿ ಮಿಂದು ಬಂದವರಂತೆ ಎದ್ದು ನಿಂತರು. ಇಪ್ಪತ್ತೊಂಬತ್ತು ಯೂರೋ, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಯ ಹತ್ತಿರ. ಅವರಿಗಿರುವ ಕೂದಲಿಗೆ ಅದು ಬಹಳವೇ ಆಯಿತು. ಹೆಂಗಸರಿಗೆ ಕೂದಲ ಉದ್ದದ ಮೇಲೆ ದರ. ಸೊಂಟದವರೆಗೆ ಜಡೆಯಿರುವ ಸೊಸೆ ದರಪಟ್ಟಿ ಓದಿ ಸುಮ್ಮನೆ ಹೊರಗೆ ಬಂದಳು. ಅವಳ ಸೀಳುಗೂದಲನ್ನು ಮನೆಯಲ್ಲಿ ಕೊತ್ತಂಬರಿ ಕತ್ತರಿಸುವ ಕತ್ತರಿಯಿಂದ ನಾನೇ ಸವರಿದೆ.

ಎರಡನೆಯ ಸಲ ಹೋದದ್ದು ಬಾದ್ ಕಾನ್‌ಸ್ಟಾಟ್ ಬಡಾವಣೆಯ ಟರ್ಕಿಯವರೊಬ್ಬರ ಅಂಗಡಿಗೆ. ಅಲ್ಲಿ ಟೆರ್ಮಿನ್ ಬೇಕಾಗಲಿಲ್ಲ. ಪುಟ್ಟ ಗಾಜಿನ ಲೋಟದಲ್ಲಿ ಚಹಾ ಕೊಟ್ಟು ಕೂರಿಸಿದರು. ಅವರಿಗೆ ಕನ್ನಡ ಬಾರದು, ಇವರಿಗೆ ಟರ್ಕಿ ಭಾಷೆ ಬಾರದು. ಕೈಸನ್ನೆಯಲ್ಲೇ ಮೀಡಿಯಂ ತೀರ್ಮಾನವಾಯಿತು. ಆಮೇಲೆ ಕಡ್ಡಿಗೆ ಸುತ್ತಿದ ಹತ್ತಿಗೆ ಬೆಂಕಿ ಹಚ್ಚಿ ಕಿವಿಯ ಕೂದಲಿಗೆ ಪಟಪಟನೆ ಬಡಿದಾಗ ನಮ್ಮವರು ಕುರ್ಚಿಯಿಂದ ಅರ್ಧ ಎದ್ದರು. ಅದು ಅವರ ಕಡೆಯ ಪದ್ಧತಿಯಂತೆ. ಕೊನೆಯಲ್ಲಿ ಬಿಸಿ ಟವೆಲ್ ಹೊದಿಸಿ, ತಲೆ ಒತ್ತಿ, ಭುಜ ತಟ್ಟಿದರು. ಮೊಮ್ಮಗನ ಇಲಿ ಕಡಿದ ತಲೆಯನ್ನೂ ಅವರೇ ಒಪ್ಪ ಮಾಡಿದರು.

ಪತ್ರ ಬರೆಯಲು ಕಾರಣ ಇದಲ್ಲ. ಮೊದಲ ಅಂಗಡಿಯ ಗೋಡೆಯಲ್ಲಿ ಚೌಕಟ್ಟು ಹಾಕಿಸಿದ ಪ್ರಮಾಣಪತ್ರವೊಂದಿತ್ತು. ವೈದ್ಯರ ಪದವಿಯೆಂದುಕೊಂಡಿದ್ದೆ, ಅದು ಕ್ಷೌರದ ‘ಮೈಸ್ಟರ್’ ಎಂಬ ಮೇಲುಪರೀಕ್ಷೆಯ ಪತ್ರ. ಆ ದೇಶದಲ್ಲಿ ಈ ಕಸುಬನ್ನು ಮೂರು ವರ್ಷ, ಅಂಗಡಿಯಲ್ಲಿ ಕೈಗೂ ಶಾಲೆಯಲ್ಲಿ ತಲೆಗೂ, ಕಲಿಯುತ್ತಾರೆ. ಸ್ವಂತ ಅಂಗಡಿ ತೆರೆಯಬೇಕಾದರೆ ಸಾಮಾನ್ಯವಾಗಿ ಆ ಮೇಲುಪರೀಕ್ಷೆಯನ್ನೂ ಗೆಲ್ಲಬೇಕು.

ನಮ್ಮಲ್ಲಿ 2023ರ ಸೆಪ್ಟೆಂಬರಿನಲ್ಲಿ ಆರಂಭವಾದ, ಸಾಂಪ್ರದಾಯಿಕ ಕಸುಬುದಾರರಿಗೆ ನೆರವಾಗುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಸೇರಿದೆ. ಉಪಕರಣಕ್ಕೆ 15 ಸಾವಿರ ರೂಪಾಯಿವರೆಗಿನ ನೆರವು, ಕಡಿಮೆ ಬಡ್ಡಿಯ ಸಾಲ ಎಲ್ಲವೂ ಸರಿ. ಆದರೆ ಅದರ ಮೂಲ ತರಬೇತಿ ಐದರಿಂದ ಏಳು ದಿನ, ಮುಂದುವರಿದದ್ದು ಹದಿನೈದು ದಿನ ಅಥವಾ ತುಸು ಹೆಚ್ಚು. ನಮ್ಮ ಗುತ್ತಲು ರಸ್ತೆಯ ಅಂಗಡಿಯವರಿಗೆ ಐದು ದಿನದಲ್ಲಿ ಕಲಿಸಲು ಏನಿದೆ? ಅಪ್ಪನ ಪಕ್ಕದಲ್ಲಿ ನಿಂತು ಹತ್ತು ವರ್ಷ ಕಲಿತವರು ಅವರು. ಲಗ್ನದ ತಿಂಗಳಲ್ಲಿ ಅಂಗಡಿ ಮುಚ್ಚಿ ನಾಗಸ್ವರ ಹಿಡಿದು ಓಲಗಕ್ಕೆ ಹೋಗುತ್ತಾರೆ. ನನ್ನ ಮದುವೆಯಲ್ಲಿ ನುಡಿಸಿದವರು ಅವರ ತಂದೆಯೇ. ಅವರನ್ನೇ ಗುರುಗಳನ್ನಾಗಿ ನೇಮಿಸಿ, ಸಂಬಳ ಕೊಟ್ಟು, ಮಂಡ್ಯದಲ್ಲಿ ಒಂದು ವರ್ಷದ ಕೋರ್ಸನ್ನಾದರೂ ನಡೆಸಬಾರದೇ? ಯಾವ ಜಾತಿಯ ಹುಡುಗ ಹುಡುಗಿಯಾದರೂ ಸೇರಿ ಕಲಿಯಲಿ.

ಇನ್ನೊಂದು ಮಾತು. ‘ಹಜಾಮ’ ಎಂಬುದನ್ನು ಬೈಗುಳವಾಗಿ ಬಳಸುವವರು ನಮ್ಮ ಬೀದಿಯಲ್ಲೇ ಇದ್ದಾರೆ, ಓದಿದವರೂ ಸೇರಿ. ಮೂಲ ಅರಬ್ಬಿಯಲ್ಲಿ ಅದು ದೇಹದ ಕೆಟ್ಟ ರಕ್ತ ತೆಗೆದು ಚಿಕಿತ್ಸೆ ಮಾಡುವವನ ಹೆಸರು. ನಮ್ಮ ಬಾಯಿಗೆ ಬಂದು ಅದಕ್ಕೆ ಈ ಗತಿಯಾಯಿತು.

ನಾವು ಊರು ತಲುಪಿದ ಮಾರನೆಯ ದಿನ ಮಂಗಳವಾರ. ಬುಧವಾರ ಬೆಳಗ್ಗೆ ಏಳಕ್ಕೆಲ್ಲ ಯಜಮಾನರು ಗುತ್ತಲು ರಸ್ತೆಯಲ್ಲಿದ್ದರು. ತಮ್ಮ ಪತ್ರಿಕೆಯ ನಾಲ್ಕು ಹಾಳೆಗಳು ಎಂದಿನಂತೆ ನಾಲ್ವರ ಕೈಯಲ್ಲಿದ್ದವಂತೆ. ಅಂಗಡಿಯವರು ಕುತ್ತಿಗೆಗೆ ಬಟ್ಟೆ ಕಟ್ಟಿ, ಹಿಂದಲೆಯನ್ನು ಎರಡು ಬಾರಿ ಬೆರಳಿನಿಂದ ತಡವಿ, ‘ಪಳಗಿದ ಕೈಯೇ, ಆದರೆ ನಿಮ್ಮ ಸುಳಿ ಅವರಿಗೆ ಗೊತ್ತಿಲ್ಲ’ ಎಂದರಂತೆ.

– ನಿವೃತ್ತ ದೂರವಾಣಿ ನೌಕರೆ, ಸುಭಾಷ್ ನಗರ, ಮಂಡ್ಯ